ಲೆಯೋವಿಲ್ ಬಾರ್ಟನ್ 1996, ಮತ್ತು ಅವಸರಕ್ಕೆ ತೆಗೆದ ಬಾಟಲಿಗಳು

ಬೆಂಗಳೂರಿನ ಗೆಳೆಯರು ಫೋನ್ ಮಾಡಿದರೆ ಟ್ರಾಫಿಕ್ಕು, ಮಳೆ, ಸೈಟಿನ ರೇಟು ಎಲ್ಲ ಮುಗಿದ ಮೇಲೆ ಕೊನೆಗೊಂದು ಪ್ರಶ್ನೆ ಬಂದೇ ಬರುತ್ತದೆ. "ಫ್ರಾನ್ಸಲ್ಲಿದ್ದೀಯಲ್ಲ ಮಾರಾಯ, ಒಂದು ಒಳ್ಳೆ ವೈನ್ ಹೇಳು. ದುಡ್ಡು ಎಷ್ಟಾದ್ರೂ ಆಗ್ಲಿ." ಯಾವಾಗ ಕುಡೀತೀಯ ಅಂತ ಕೇಳಿದರೆ "ಈ ಶನಿವಾರ" ಅನ್ನುತ್ತಾನೆ. ಹಾಗಾದರೆ ಮೂವತ್ತು ಯೂರೋಗಿಂತ ಜಾಸ್ತಿ ಖರ್ಚು ಮಾಡಬೇಡ ಅನ್ನುತ್ತೇನೆ. ಅವನಿಗೆ ನಿರಾಸೆ. ಇವನು ಅಲ್ಲಿ ಹೋಗಿ ಜಿಪುಣನಾಗಿಬಿಟ್ಟ ಅಂತ ಅಂದುಕೊಳ್ಳುತ್ತಾನೆ.

ವಿಷಯ ಏನಪ್ಪಾ ಅಂದರೆ, ಫ್ರಾನ್ಸಿನ ಬೋರ್ಡೋ ಸೀಮೆಯ ಹೆಸರಾಂತ ಕೆಂಪು ವೈನ್ ಎಳೆಯದಿದ್ದಾಗ ಒಂದು ಥರ, ಇಪ್ಪತ್ತೈದು ವರ್ಷ ಕಳೆದ ಮೇಲೆ ಬೇರೆಯೇ ಥರ. ಲೆಯೋವಿಲ್ ಬಾರ್ಟನ್ ಅಂಥದ್ದೊಂದು ವೈನ್, 1996 ಅಂದರೆ ಅದರ ದ್ರಾಕ್ಷಿ ಕೊಯ್ದ ವರ್ಷ. ಬಾಟಲಿ ಅದೇ, ಲೇಬಲ್ ಅದೇ. ನಾವು ಅಷ್ಟು ದುಡ್ಡು ಸುರಿಯುವುದು ಎರಡನೆಯದರ ಆಸೆಗೆ, ಬಹಳ ಜನ ಕುಡಿದು ಮುಗಿಸುವುದು ಮೊದಲನೆಯದನ್ನು. ರೆಸ್ಟೋರೆಂಟಿನಲ್ಲಿ ಮೂರು ವರ್ಷದ ದುಬಾರಿ ಬಾಟಲಿ ತೆಗೆಸಿ, ಒಂದು ಗುಟುಕು ಕುಡಿದು, ಮುಖ ಕಿವುಚಿಕೊಂಡೇ "ಸೂಪರ್" ಅನ್ನುವವರನ್ನು ನೋಡಿದ್ದೇನೆ. ಅವರ ತಪ್ಪಲ್ಲ. ಕಾಯಬೇಕು ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ, ಅಂಗಡಿಯವನಂತೂ ಹೇಳುವುದೇ ಇಲ್ಲ.

ನಾನು ಇರುವುದು ಟುಲೂಸ್‌ನಲ್ಲಿ. ವಿಮಾನದ ಕೆಲಸಕ್ಕೆ ಬೆಂಗಳೂರಿನಿಂದ ಬಂದ ಎಷ್ಟೋ ಕನ್ನಡದವರ ಹಾಗೆ ನಾನೂ ಬಂದವನು. ಊರು ಸಾಗರದ ಹತ್ತಿರ, ಮನೆಯಲ್ಲಿ ಅಡಿಕೆ ತೋಟ. ಮೊಟ್ಟೆ, ಮಾಂಸ ತಿನ್ನುವುದಿಲ್ಲ. ವೈನ್ ಕುಡಿಯುತ್ತೇನೆ. ಇದು ಯಾವ ಸೀಮೆಯ ಮಡಿ ಅಂತ ಅಮ್ಮ ಈಗಲೂ ಕೇಳುತ್ತಾಳೆ. ಉತ್ತರ ನನ್ನ ಹತ್ತಿರ ಇಲ್ಲ.

ನಾನಿರುವ ಟುಲೂಸನ್ನೂ ಬೋರ್ಡೋವನ್ನೂ ಸೇರಿಸುವುದು ಒಂದೇ ನದಿ, ಗರೋನ್. ಪಿರನೀಸ್ ಬೆಟ್ಟಗಳಲ್ಲಿ ಹುಟ್ಟಿ, ಟುಲೂಸ್ ನಡುವೆಯೇ ಹರಿದು, ಬೋರ್ಡೋ ದಾಟಿದ ಮೇಲೆ ದೋರ್ದೋನ್ ನದಿಯ ಜೊತೆ ಸೇರಿ ಜಿರೋಂದ್ ಎಂಬ ಅಗಲವಾದ ಅಳಿವೆಯಾಗುತ್ತದೆ. ಆ ಅಳಿವೆಯ ಎಡದಂಡೆಯಲ್ಲಿ ಉದ್ದಕ್ಕೆ ಚಾಚಿಕೊಂಡಿರುವ ಜಾಗವೇ ಮೆಡಾಕ್. ಅಲ್ಲಿನ ನೆಲ ನೋಡಿದರೆ ನಮ್ಮ ಕಡೆಯ ರೈತರು ನಗುತ್ತಾರೆ. ಮಣ್ಣಿಗಿಂತ ಕಲ್ಲೇ ಜಾಸ್ತಿ. ಗೋಲಿಯಿಂದ ಹಿಡಿದು ಮುಷ್ಟಿಗಾತ್ರದವರೆಗೆ ಬಿಳಿ, ಕಂದು ನೊರಜುಗಲ್ಲು. ಲಕ್ಷಾಂತರ ವರ್ಷಗಳ ಹಿಂದೆ ಇದೇ ನದಿಗಳು ಬೆಟ್ಟದಿಂದ ಉರುಳಿಸಿ ತಂದು ಗುಡ್ಡೆ ಹಾಕಿದ ಕಲ್ಲು. ಭತ್ತ ಬೆಳೆಯುವುದಿಲ್ಲ, ಗೋಧಿಯೂ ಅಷ್ಟಕ್ಕಷ್ಟೆ. ಆದರೆ ದ್ರಾಕ್ಷಿಗೆ, ಅದರಲ್ಲೂ ಕ್ಯಾಬರ್ನೆ ಸೊವಿನ್ಯೋಂಗೆ, ಇದಕ್ಕಿಂತ ಒಳ್ಳೆ ಜಾಗ ಸಿಗುವುದು ಕಷ್ಟ. ಮಳೆ ನೀರು ನಿಲ್ಲುವುದಿಲ್ಲ, ಬೇರು ಆಳಕ್ಕೆ ಇಳಿಯುತ್ತದೆ. ಹಗಲು ಕಾದ ಕಲ್ಲು ರಾತ್ರಿ ಬಿಸಿ ಬಿಡುತ್ತದೆ. ತಡವಾಗಿ ಹಣ್ಣಾಗುವ ಈ ದ್ರಾಕ್ಷಿಗೆ ಅಕ್ಟೋಬರ್ ಹತ್ತಿರ ಬಂದಾಗ ಆ ಬಿಸಿ ಬೇಕೇ ಬೇಕು. ಪಕ್ಕದಲ್ಲೇ ಅಷ್ಟು ದೊಡ್ಡ ನೀರು ಇರುವುದರಿಂದ ವಸಂತದ ಹಿಮದ ಕಾಟವೂ ಕಡಿಮೆ. ನದಿ ಕಾಣುವ ಬಳ್ಳಿಯೇ ಒಳ್ಳೆ ಬಳ್ಳಿ ಅಂತ ಅಲ್ಲಿಯ ಜನ ಹೇಳುವುದು ಇದಕ್ಕೇ.

ಮೆಡಾಕ್‌ನ ಎಷ್ಟೋ ಭಾಗ ಒಂದು ಕಾಲಕ್ಕೆ ಜೌಗು. 17ನೇ ಶತಮಾನದಲ್ಲಿ ಡಚ್ ಎಂಜಿನಿಯರುಗಳು ಕಾಲುವೆ ತೋಡಿ ನೀರು ಬಸಿದರು. ಅದಾದ ಮೇಲೆಯೇ ಈ ಕಲ್ಲುದಿಬ್ಬಗಳು ದೊಡ್ಡ ಮಟ್ಟದ ದ್ರಾಕ್ಷಿ ತೋಟಗಳಾದದ್ದು.

ಬೋರ್ಡೋದಿಂದ ಉತ್ತರಕ್ಕೆ ಡಿ-2 ಅನ್ನುವ ಸಣ್ಣ ರಸ್ತೆ ಹಿಡಿದರೆ ಮಾರ್ಗೋ ದಾಟಿದ ಮೇಲೆ ಸ್ಯಾಂ ಜೂಲಿಯಾಂ ಬರುತ್ತದೆ. ಊರ ಬಾಯಲ್ಲಿ ಮನುಷ್ಯನಿಗಿಂತ ಎತ್ತರದ ಒಂದು ದೊಡ್ಡ ಬಾಟಲಿ ನಿಲ್ಲಿಸಿದ್ದಾರೆ. ಚಂದವೇನಿಲ್ಲ, ಆದರೂ ಎಲ್ಲರೂ ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ. ಊರು ಪುಟ್ಟದು. ಆದರೂ 1855ರ ಪಟ್ಟಿಯ 11 ಶಾತೋಗಳು, ಅಂದರೆ ವೈನ್ ಎಸ್ಟೇಟುಗಳು, ಈ ಒಂದೇ ಊರಿನಲ್ಲಿವೆ.

ಆ ಪಟ್ಟಿಯ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಪ್ರತಿಷ್ಠೆ ಅನ್ನುವುದೆಲ್ಲ ಶುರುವಾಗುವುದು ಅಲ್ಲಿಂದ. 1855ರಲ್ಲಿ ಪ್ಯಾರಿಸ್ಸಿನ ವಸ್ತುಪ್ರದರ್ಶನಕ್ಕೆ ಬೋರ್ಡೋ ವೈನ್‌ಗಳನ್ನು ಇಡಬೇಕಾಗಿ ಬಂದಾಗ, ಅಲ್ಲಿಯ ದಲ್ಲಾಳಿಗಳು ಕೂತು ಒಂದು ಪಟ್ಟಿ ಬರೆದರು. ಅವರೇನೂ ಹೊಸದಾಗಿ ರುಚಿ ನೋಡಿ ಅಂಕ ಹಾಕಲಿಲ್ಲ. ವರ್ಷಗಳಿಂದ ಯಾವುದಕ್ಕೆ ಎಷ್ಟು ಬೆಲೆ ಸಿಗುತ್ತಿದೆ ಎಂಬ ಲೆಕ್ಕ ಅವರ ಕೈಯಲ್ಲೇ ಇತ್ತು. ಅದರ ಮೇಲೆ ಐದು ದರ್ಜೆ ಮಾಡಿದರು. ಮೊದಲನೇ ದರ್ಜೆಯಲ್ಲಿ ಲಾಫಿತ್, ಲಾಟೂರ್, ಮಾರ್ಗೋ, ಓ-ಬ್ರಿಯೋಂ. 1973ರಲ್ಲಿ ಮೂತೋಂ ರಾಥ್‌ಚೈಲ್ಡ್ ಎರಡರಿಂದ ಒಂದನೇ ದರ್ಜೆಗೆ ಏರಿದ್ದು ಬಿಟ್ಟರೆ ಪಟ್ಟಿ ಹೆಚ್ಚುಕಡಿಮೆ ಹಾಗೇ ಇದೆ. ಅಂದರೆ ನೂರಾ ಎಪ್ಪತ್ತು ವರ್ಷಗಳ ಹಿಂದಿನ ಮಂಡಿ ರೇಟನ್ನು ಇಟ್ಟುಕೊಂಡು ಜನ ಇವತ್ತಿಗೂ ಯಾವುದು ದೊಡ್ಡದು ಯಾವುದು ಸಣ್ಣದು ಅಂತ ಮಾತಾಡುತ್ತಾರೆ. ನನಗೆ ಇದು ತಮಾಷೆಯಾಗಿ ಕಾಣುತ್ತದೆ. ಆದರೆ ಪಟ್ಟಿ ಪೂರ್ತಿ ಸುಳ್ಳೂ ಅಲ್ಲ. ಒಳ್ಳೆ ಕಲ್ಲುದಿಬ್ಬ ಆಗಲೂ ಒಳ್ಳೆಯದೇ, ಈಗಲೂ ಒಳ್ಳೆಯದೇ.

ಲೆಯೋವಿಲ್ ಬಾರ್ಟನ್ ಎರಡನೇ ದರ್ಜೆಯದು. ಒಂದನೇ ದರ್ಜೆಯ ಬಾಟಲಿಗೆ ಈಗ ಹಲವು ನೂರು ಯೂರೋ ಬೇಕು, ಅದು ಕುಡಿಯುವವರ ಕೈ ಬಿಟ್ಟು ಕೂಡಿಡುವವರ ಕೈ ಸೇರಿ ಬಹಳ ಕಾಲವಾಯಿತು. ಬಾರ್ಟನ್ ಇನ್ನೂ ಕುಡಿಯುವವರ ವೈನ್ ಆಗಿ ಉಳಿದಿದೆ, ಅದಕ್ಕೆ ಆ ಮನೆತನದವರು ಕಾರಣ. ಐರ್ಲೆಂಡಿನಿಂದ ಬೋರ್ಡೋಗೆ ಬಂದ ಟಾಮಸ್ ಬಾರ್ಟನ್ ಅನ್ನುವವನು 1725ರಲ್ಲಿ ವೈನ್ ವ್ಯಾಪಾರ ಶುರು ಮಾಡಿದ. ಅವನ ಮೊಮ್ಮಗ ಹ್ಯೂ ಬಾರ್ಟನ್ 1821ರಲ್ಲಿ ಲಾಂಗೋವಾ ಅನ್ನುವ ಶಾತೋ ಕೊಂಡ. 1826ರಲ್ಲಿ ಪಕ್ಕದ ದೊಡ್ಡ ಲೆಯೋವಿಲ್ ತೋಟ ಹರಿದು ಹಂಚಿಹೋಗುತ್ತಿದ್ದಾಗ ಅದರ ಕಾಲು ಭಾಗ ಕೊಂಡ. ಉಳಿದದ್ದು ಈಗ ಲಾಸ್ ಕಾಸ್, ಪ್ವಾಫೆರೆ ಅಂತ ಎರಡಾಗಿದೆ. ಹಿಸ್ಸೆಯಾದ ಮೂರೂ ಎರಡನೇ ದರ್ಜೆಯಲ್ಲೇ ಇವೆ. ಬಾರ್ಟನ್ ಪಾಲಿಗೆ ತೋಟ ಮಾತ್ರ ಬಂತು, ಕಟ್ಟಡ ಬರಲಿಲ್ಲ. ಹಾಗಾಗಿ ಇವತ್ತಿಗೂ ಲೆಯೋವಿಲ್ ಬಾರ್ಟನ್‌ಗೆ ಸ್ವಂತ ಶಾತೋ ಕಟ್ಟಡ ಇಲ್ಲ. ವೈನ್ ಮಾಡುವುದು ಲಾಂಗೋವಾದಲ್ಲಿ, ಲೇಬಲ್ ಮೇಲಿರುವ ಚಿತ್ರವೂ ಲಾಂಗೋವಾದ್ದೇ.

ಎರಡು ಶತಮಾನದಿಂದ ಆಸ್ತಿ ಅದೇ ಮನೆತನದ ಕೈಯಲ್ಲಿದೆ. ಎರಡನೇ ಮಹಾಯುದ್ಧದಲ್ಲಿ ರೊನಾಲ್ಡ್ ಬಾರ್ಟನ್ ಊರು ಬಿಡಬೇಕಾಯಿತು. ಜರ್ಮನ್ನರು ಅದನ್ನು ಶತ್ರುವಿನ ಆಸ್ತಿ ಅಂತ ಮುಟ್ಟುಗೋಲು ಹಾಕುವುದರಲ್ಲಿದ್ದಾಗ, ಇವರು ಐರಿಷ್, ಐರ್ಲೆಂಡ್ ತಟಸ್ಥ ದೇಶ ಎಂಬ ವಾದ ಹೂಡಿ ಉಳಿಸಿಕೊಂಡರು. 1983ರಿಂದ ನೋಡಿಕೊಂಡ ಆಂಟನಿ ಬಾರ್ಟನ್ 2022ರಲ್ಲಿ ತೀರಿಕೊಂಡರು. ಅಕ್ಕಪಕ್ಕದವರೆಲ್ಲ ಬೆಲೆ ಏರಿಸಿದಾಗಲೂ ಇವರು ಹಿಡಿತದಲ್ಲೇ ಇಟ್ಟರು ಅಂತ ವ್ಯಾಪಾರದವರೇ ಹೊಗಳುತ್ತಾರೆ. ಈಗ ಮಗಳು ಲಿಲಿಯನ್ ಮತ್ತು ಮೊಮ್ಮಕ್ಕಳು ನೋಡಿಕೊಳ್ಳುತ್ತಿದ್ದಾರೆ.

ಮೊದಲೇ ಹೇಳಿಟ್ಟುಕೊಂಡರೆ ಲಾಂಗೋವಾದ ಒಳಗೆ ನೋಡಬಹುದು. ದೊಡ್ಡ ದೊಡ್ಡ ಓಕ್ ಮರದ ತೊಟ್ಟಿಗಳಲ್ಲಿ ರಸ ಹುದುಗುತ್ತದೆ. ಆಮೇಲೆ 225 ಲೀಟರಿನ ಪೀಪಾಯಿಗಳಲ್ಲಿ ಒಂದೂವರೆ ವರ್ಷದ ಆಸುಪಾಸು ಇರುತ್ತದೆ. ಸಾಲಾಗಿ ಮಲಗಿಸಿದ ಪೀಪಾಯಿಗಳ ನಡುಭಾಗಕ್ಕೆ ಮಾತ್ರ ಕೆಂಪು ಪಟ್ಟಿ ಬಳಿದಿರುತ್ತಾರೆ. ವೈನ್ ಚೆಲ್ಲಿ ಕಲೆಯಾದರೆ ಅಸಹ್ಯ ಕಾಣದಿರಲಿ ಅಂತ ಮೊದಲೇ ವೈನಿನಿಂದಲೇ ಬಳಿದುಬಿಡುವುದು ಬೋರ್ಡೋದ ಹಳೇ ಪದ್ಧತಿ. ಇನ್ನೊಂದು ಹಳೇ ಪದ್ಧತಿ ಕೇಳಿ ನಾನು ಒಂದು ಕ್ಷಣ ಸುಮ್ಮನಾದೆ. ವೈನ್ ತಿಳಿಯಾಗಲಿ ಅಂತ ಒಂದೊಂದು ಪೀಪಾಯಿಗೆ ಐದಾರು ಮೊಟ್ಟೆಯ ಬಿಳಿಭಾಗ ಕದಡಿ ಹಾಕುತ್ತಿದ್ದರಂತೆ. ಅದು ಒರಟು ಒಗರನ್ನೆಲ್ಲ ಹಿಡಿದುಕೊಂಡು ತಳಕ್ಕೆ ಇಳಿಯುತ್ತದೆ, ಮೇಲಿನ ವೈನನ್ನು ಬೇರೆ ಮಾಡುತ್ತಾರೆ. ಈಗಲೂ ಮೆಡಾಕ್‌ನ ಕೆಲವರು ಹಾಗೇ ಮಾಡುತ್ತಾರೆ. ಈ ವಿಷಯ ಅಮ್ಮನ ಕಿವಿಗೆ ಬಿದ್ದಿಲ್ಲ.

ಅಲ್ಲಿ ರುಚಿ ನೋಡಲು ಕೊಟ್ಟದ್ದು ಎಳೆಯ ವೈನ್. ಬಣ್ಣ ಕಪ್ಪಿಗೆ ಹತ್ತಿರ, ಗ್ಲಾಸಿನ ಅಂಚಿನಲ್ಲಿ ನೇರಳೆ. ಮೂಗಿಗೆ ಕ್ಯಾಸಿಸ್, ಅಂದರೆ ಜುಲೈನಲ್ಲಿ ಇಲ್ಲಿಯ ಸಂತೆಗೆ ಬರುವ ಸಣ್ಣ ಕಪ್ಪು ಹುಳಿಹಣ್ಣು. ಜೊತೆಗೆ ಹೊಸ ಮರದ ವಾಸನೆ. ಬಾಯಿಗೆ ಬಿದ್ದ ಕೂಡಲೇ ನನಗೆ ನೆನಪಾಗಿದ್ದು ನಮ್ಮ ಮನೆಯ ಅಡಿಕೆ ಚೊಗರು. ಎಳೆ ಅಡಿಕೆ ಬೇಯಿಸಿದ ಆ ಕೆಂಪು ನೀರನ್ನು ಚಿಕ್ಕವರಿದ್ದಾಗ ಬೆರಳಲ್ಲಿ ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡಿದ್ದೆವು. ಕೆನ್ನೆಯ ಒಳಗೆಲ್ಲ ಜಗ್ಗಿ ಹಿಡಿದ ಹಾಗೆ ಆಗುತ್ತಿತ್ತು. ಸುಮ್ಮನೆ ಹೋಲಿಕೆಯಲ್ಲ, ಎರಡರಲ್ಲೂ ಇರುವುದು ಟ್ಯಾನಿನ್ನೇ. ಚೊಗರು ಹಚ್ಚಿದರೆ ಅಡಿಕೆಗೆ ಬಣ್ಣ ಬರುತ್ತದೆ. ಇಲ್ಲಿ ಅದೇ ಟ್ಯಾನಿನ್ನು ವೈನನ್ನು ದಶಕಗಳ ಕಾಲ ಕಾಯುತ್ತದೆ.

ಹೇಗೆ ಕಾಯುತ್ತದೆ ಅನ್ನುವುದು ನನ್ನಂಥ ಎಂಜಿನಿಯರಿಗೆ ಬಹಳ ಇಷ್ಟದ ಭಾಗ. ದ್ರಾಕ್ಷಿಯ ಸಿಪ್ಪೆಯಿಂದ, ಬೀಜದಿಂದ ಬಂದ ಟ್ಯಾನಿನ್‌ಗಳು ಬಾಟಲಿಯ ಕತ್ತಲಲ್ಲಿ ನಿಧಾನವಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಸಿಪ್ಪೆಯ ಬಣ್ಣದ ಜೊತೆಗೂ ಅಂಟಿಕೊಳ್ಳುತ್ತವೆ. ಸರಪಳಿ ಉದ್ದವಾಗಿ ಭಾರವಾದದ್ದು ತಳಕ್ಕೆ ಕೂರುತ್ತದೆ. ಹಳೇ ಬಾಟಲಿಯಲ್ಲಿ ಕಾಣುವ ಗಷ್ಟು ಅದೇ. ಅದರ ಜೊತೆ ಸ್ವಲ್ಪ ಬಣ್ಣವೂ ಇಳಿದುಹೋಗುವುದರಿಂದ ನೇರಳೆ ಹೋಗಿ ಮಾಣಿಕ್ಯದ ಕೆಂಪು, ಆಮೇಲೆ ಅಂಚಿನಲ್ಲಿ ಇಟ್ಟಿಗೆ ಬಣ್ಣ ಬರುತ್ತದೆ. ಕಾರ್ಕಿನ ಮೂಲಕ ಒಳಗೆ ಹೋಗುವ ಆಮ್ಲಜನಕ ಬಹಳ ಬಹಳ ಕಡಿಮೆ, ಆದರೆ ಅದೂ ಕೆಲಸ ಮಾಡುತ್ತಿರುತ್ತದೆ. ಹಣ್ಣಿನ ವಾಸನೆ ಹಿಂದೆ ಸರಿದು ಸೀಡರ್ ಮರ, ಹೊಗೆಸೊಪ್ಪು, ಚರ್ಮ, ಅಣಬೆ, ಒದ್ದೆ ಎಲೆ ಇಂಥವು ಒಂದೊಂದಾಗಿ ಬರುತ್ತವೆ.

ಆದರೆ ಇದು ನೇರ ಗೆರೆಯ ಏರಿಕೆ ಅಲ್ಲ. ಮೊದಲ ಎರಡು ಮೂರು ವರ್ಷ ಹಣ್ಣಿನ ಹುರುಪು ಇರುತ್ತದೆ, ಕುಡಿದರೆ ಪೂರ್ತಿ ನಷ್ಟವೇನಿಲ್ಲ. ಆಮೇಲೆ ಎಷ್ಟೋ ವೈನ್‌ಗಳು ಬಾಯಿ ಮುಚ್ಚಿಕೊಂಡುಬಿಡುತ್ತವೆ. ಹಣ್ಣೂ ಇಲ್ಲ, ಪ್ರೌಢ ವಾಸನೆಯೂ ಇಲ್ಲ, ಬರೀ ಒಗರು. ಐದರಿಂದ ಹತ್ತು ಹನ್ನೆರಡು ವರ್ಷದವರೆಗೆ ಹೀಗಿರಬಹುದು. ಅಂಗಡಿಯಲ್ಲಿ "ಸ್ವಲ್ಪ ಹಳೇದು" ಅಂತ ಜಾಸ್ತಿ ದುಡ್ಡು ಕೊಟ್ಟು ತಂದು ಬೇಸರಪಟ್ಟುಕೊಳ್ಳುವವರು ಸಿಕ್ಕಿಬೀಳುವುದು ಇಲ್ಲೇ. ಎಲ್ಲ ವೈನೂ ಇಟ್ಟಷ್ಟು ಒಳ್ಳೆಯದಾಗುತ್ತದೆ ಅನ್ನುವುದಂತೂ ಶುದ್ಧ ಸುಳ್ಳು. ಸೂಪರ್‌ಮಾರ್ಕೆಟ್ಟಿನ ಆರು ಯೂರೋ ಬಾಟಲಿ ಹತ್ತು ವರ್ಷ ಇಟ್ಟರೆ ಸಿಗುವುದು ಹುಳಿ ನೀರು.

ಈಗ 1996ರ ವಿಷಯ. ನಮ್ಮ ಕಟ್ಟಡದ ಕೆಳಗಿನ ಮನೆಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರಿದ್ದಾರೆ, ಲೀಸೆಯಲ್ಲಿ, ಅಂದರೆ ಇಲ್ಲಿಯ ಹೈಸ್ಕೂಲಿನಲ್ಲಿ, ಇತಿಹಾಸ ಕಲಿಸಿದವರು. ಇಷ್ಟು ವರ್ಷದ ಪರಿಚಯವಾದರೂ ನಾನು ಅವರಿಗೆ "ಮ್ಯೂಸ್ಯೂ", ಅಂದರೆ ಸಾರ್, ಅನ್ನುತ್ತೇನೆ, ಅವರು ನನಗೆ ಬಹುವಚನದಲ್ಲೇ ಮಾತಾಡುತ್ತಾರೆ. ಇಲ್ಲಿಯ ಹಳೇ ಕಟ್ಟಡಗಳಿಗೆಲ್ಲ ನೆಲಮಾಳಿಗೆ ಇರುತ್ತದೆ, ಒಂದೊಂದು ಮನೆಗೆ ಒಂದೊಂದು ಮರದ ಬಾಗಿಲಿನ ಸಣ್ಣ ಕೋಣೆ. ಬೇರೆಯವರು ಸೈಕಲ್ಲು, ಹಳೇ ಟೀವಿ ತುಂಬಿದ್ದರೆ ಅವರದರಲ್ಲಿ ವೈನ್. ಈ 1996ರ ಲೆಯೋವಿಲ್ ಬಾರ್ಟನ್ನನ್ನು 1997ರ ವಸಂತದಲ್ಲಿ, ವೈನ್ ಇನ್ನೂ ಪೀಪಾಯಿಯಲ್ಲಿದ್ದಾಗಲೇ ಮುಂಗಡ ಕೊಟ್ಟು ಕಾದಿರಿಸಿದ್ದಂತೆ. ಬೋರ್ಡೋದಲ್ಲಿ ಇದು ಮಾಮೂಲಿ ವ್ಯವಹಾರ. ಈಗ ದುಡ್ಡು, ಎರಡು ವರ್ಷದ ಮೇಲೆ ಬಾಟಲಿ. ಕೊಟ್ಟದ್ದು ಫ್ರಾಂಕಿನಲ್ಲಿ. ಆ ವರ್ಷ ಮೆಡಾಕ್‌ನಲ್ಲಿ ಸೆಪ್ಟೆಂಬರ್ ಬಿಸಿಲು ಕೈಕೊಡಲಿಲ್ಲ, ಕ್ಯಾಬರ್ನೆ ಬಹಳ ಚೆನ್ನಾಗಿ ಹಣ್ಣಾಯಿತು. ಮೆರ್ಲೊ ಅನ್ನುವ ಇನ್ನೊಂದು ದ್ರಾಕ್ಷಿ ಜಾಸ್ತಿ ಇರುವ ಆಚೆ ದಂಡೆಯವರಿಗೆ ಅಷ್ಟು ಒಲಿಯಲಿಲ್ಲ. ಬಾರ್ಟನ್ ತೋಟದಲ್ಲಿ ಮುಕ್ಕಾಲು ಪಾಲು ಕ್ಯಾಬರ್ನೆ. ಹಾಗಾಗಿ 1996 ಅಂದರೆ ಅವರಿಗೆ ಹಬ್ಬ.

ನಮ್ಮನ್ನು ಊಟಕ್ಕೆ ಕರೆದದ್ದು ಭಾನುವಾರಕ್ಕೆ. ಬಾಟಲಿಯನ್ನು ಶುಕ್ರವಾರವೇ ಮಲಗಿದ್ದಲ್ಲಿಂದ ಎಬ್ಬಿಸಿ ನೆಟ್ಟಗೆ ನಿಲ್ಲಿಸಿದ್ದರು, ಗಷ್ಟು ತಳಕ್ಕೆ ಇಳಿಯಲಿ ಅಂತ. ಮೊದಲು ಬೆಳಕಿಗೆ ಹಿಡಿದು ತೋರಿಸಿದರು. ವೈನ್ ಕತ್ತಿನ ಬುಡದವರೆಗೂ ಇತ್ತು. ಇದು ಒಳ್ಳೆಯ ಲಕ್ಷಣ. ಹಳೇ ಬಾಟಲಿಯಲ್ಲಿ ಮಟ್ಟ ಭುಜದ ಕೆಳಗೆ ಇಳಿದಿದ್ದರೆ ಕಾರ್ಕ್ ಸೋತಿದೆ, ಗಾಳಿ ಹೊಕ್ಕಿದೆ ಅಂತ ಅರ್ಥ. ಮೇಲಿನ ತಗಡು ಕತ್ತರಿಸಿದಾಗ ಕಾರ್ಕಿನ ನೆತ್ತಿಯ ಮೇಲೆ ಕಪ್ಪು ಬೂಷ್ಟು. ನಾನು ಗಾಬರಿಯಾದೆ, ಅವರು ಒದ್ದೆ ಬಟ್ಟೆಯಲ್ಲಿ ಸಲೀಸಾಗಿ ಒರೆಸಿದರು. ನೆಲಮಾಳಿಗೆಯ ತೇವಕ್ಕೆ ಅದು ಬರುವುದೇ.

ತಿರುಪಿನ ಓಪನರ್ ಮುಟ್ಟಲಿಲ್ಲ. ಎರಡು ತೆಳ್ಳನೆ ತಗಡಿನ ಕಾಲಿರುವ ಒಂದು ಸಾಧನ ತೆಗೆದರು. ಒಂದು ಕಾಲು ಉದ್ದ, ಇನ್ನೊಂದು ಸ್ವಲ್ಪ ಗಿಡ್ಡ. ಉದ್ದದ್ದನ್ನು ಮೊದಲು ಕಾರ್ಕಿಗೂ ಗಾಜಿಗೂ ನಡುವೆ ತೂರಿಸಿ, ಆಮೇಲೆ ಗಿಡ್ಡದ್ದನ್ನು ಇನ್ನೊಂದು ಬದಿಗೆ ತೂರಿಸಿ, ಅತ್ತ ಇತ್ತ ಅಲುಗಿಸುತ್ತ ಕೆಳಗಿಳಿಸಿದರು. ಪೂರ್ತಿ ಇಳಿದ ಮೇಲೆ ತಿರುಗಿಸುತ್ತ ಮೇಲೆತ್ತಿದರು. ಹಳೇ ಕಾರ್ಕ್ ಮೆತ್ತಗಾಗಿರುತ್ತದೆ, ತಿರುಪು ಹಾಕಿದರೆ ಪುಡಿಯಾಗುತ್ತದೆ. ಇದು ಇಡಿಯಾಗಿ ಬಂತು. ಉದ್ದನೆ ಕಾರ್ಕ್, ಒಂದು ಬದಿಗೆ 1996 ಅಂತ ಸುಟ್ಟ ಅಕ್ಷರ, ವೈನ್ ಮುಟ್ಟಿದ ತುದಿ ಬೀಟ್‌ರೂಟ್ ಬಣ್ಣ. ಮೂಸಿ ನೋಡಿದರು. ಒದ್ದೆ ರಟ್ಟಿನ ವಾಸನೆ ಬಂದರೆ ಮುಗಿಯಿತು, ಕಾರ್ಕಿನಲ್ಲಿ ಬರುವ ಟಿಸಿಎ ಅನ್ನುವ ರಾಸಾಯನಿಕ ಅದು. ಇಪ್ಪತ್ತು ವರ್ಷ ಕಾದವನಿಗೂ ನಿನ್ನೆ ಕೊಂಡವನಿಗೂ ಅದು ಒಂದೇ. ಇದರಲ್ಲಿ ಇರಲಿಲ್ಲ.

ಆಮೇಲೆ ಮೇಣದಬತ್ತಿ. ಅದರ ಬೆಳಕು ಬಾಟಲಿಯ ಕತ್ತಿನ ಹಿಂದೆ ಬೀಳುವ ಹಾಗೆ ಹಿಡಿದು, ಕೈ ಅಲುಗದಂತೆ ಒಂದೇ ಧಾರೆಯಲ್ಲಿ ಗಾಜಿನ ಹೂಜಿಗೆ ಬಗ್ಗಿಸಿದರು. ಮೊದಮೊದಲು ಕತ್ತಿನಲ್ಲಿ ತಿಳಿ ಕೆಂಪು ಹರಿಯುತ್ತದೆ. ಕೊನೆಗೆ ಹೊಗೆಯೆಳೆಯ ಹಾಗೆ ಸಣ್ಣ ಗಷ್ಟು ಬರಲು ಶುರು. ಅಲ್ಲಿಗೆ ನಿಲ್ಲಿಸಿಬಿಟ್ಟರು. ತಳದಲ್ಲಿ ಎರಡು ಬೆರಳಿನಷ್ಟು ಉಳಿಯಿತು. ಅದು ಅವರ ಅಡುಗೆಯ ಸಾಸಿಗೆ ಹೋಗುತ್ತದೆ, ಚೆಲ್ಲುವ ಪ್ರಶ್ನೆಯೇ ಇಲ್ಲ. ಎಳೆ ವೈನನ್ನು ಗಂಟೆಗಟ್ಟಲೆ ಮೊದಲೇ ಹೂಜಿಗೆ ಹಾಕಿಡಬಹುದು, ಗಾಳಿ ತಾಗಿ ಮೆತ್ತಗಾಗುತ್ತದೆ. ಹಳೆಯದನ್ನು ಊಟಕ್ಕೆ ಕೂರುವ ಹೊತ್ತಿಗೆ ಮಾತ್ರ. ತುಂಬಾ ಹೊತ್ತು ಬಿಟ್ಟರೆ ಇರುವ ವಾಸನೆಯೂ ಹಾರಿಹೋಗುತ್ತದೆ.

ಮೊದಲ ಗುಟುಕಿಗೆ ಏನೂ ಆಗಲಿಲ್ಲ, ನಿಜ ಹೇಳಬೇಕು ಅಂದರೆ. ಮುಚ್ಚಿಟ್ಟ ಬೀರು ತೆಗೆದ ಹಾಗೊಂದು ವಾಸನೆ. ಮೇಷ್ಟ್ರು ಗ್ಲಾಸನ್ನೇ ನೋಡಲಿಲ್ಲ, ಬ್ರೆಡ್ಡು ಮುರಿಯುತ್ತ ಬೇರೇನೋ ಮಾತಾಡುತ್ತಿದ್ದರು. ಹತ್ತು ಹದಿನೈದು ನಿಮಿಷ ಕಳೆದ ಮೇಲೆ ಮತ್ತೆ ಮೂಗು ಹಾಕಿದರೆ ಅದೇ ಗ್ಲಾಸಿನಲ್ಲಿ ಈಗಷ್ಟೇ ಕೆತ್ತಿದ ಪೆನ್ಸಿಲ್ಲಿನ ವಾಸನೆ, ಸ್ಪಷ್ಟವಾಗಿ, ಅನುಮಾನವೇ ಇಲ್ಲದ ಹಾಗೆ. ಅದರ ಹಿಂದೆ ಒಣ ಹೊಗೆಸೊಪ್ಪು. ಕ್ಯಾಸಿಸ್ ಇನ್ನೂ ಇತ್ತು, ಆದರೆ ಹಸಿಹಣ್ಣಿನದಲ್ಲ, ಒಣಗಿಸಿಟ್ಟ ಹಣ್ಣಿನದು. ಬಾಯಲ್ಲಿ ಒಗರು ಹೋಗಿರಲಿಲ್ಲ. ಹೋಗಿದ್ದರೆ ನನಗೆ ಬೇಜಾರಾಗುತ್ತಿತ್ತು. ಎಳೆಯದರಲ್ಲಿ ಕೆನ್ನೆ ಜಗ್ಗುತ್ತಿದ್ದದ್ದು ಇಲ್ಲಿ ನಾಲಿಗೆಯ ಮೇಲೆ ನಯವಾಗಿ ಹಾದುಹೋಗಿ, ನುಂಗಿದ ಮೇಲೂ ಬಹಳ ಹೊತ್ತು ರುಚಿಯನ್ನು ಹಿಡಿದು ನಿಲ್ಲಿಸುತ್ತಿತ್ತು. ಘಾಟಿಲ್ಲ, ಸಿಹಿ ಇಲ್ಲ. ನನ್ನ ಹೆಂಡತಿ ವೈನ್ ಕುಡಿಯುವವಳಲ್ಲ. ಒಂದು ಗುಟುಕು ಕುಡಿದು, "ಇದೇನು, ಕೂಗಾಡೋದೇ ಇಲ್ಲ ಅಲ್ವಾ?" ಅಂದಳು. ಮೇಷ್ಟ್ರಿಗೆ ಅನುವಾದ ಮಾಡಿ ಹೇಳಿದೆ. ಅವರಿಗೆ ಬಹಳ ಖುಷಿಯಾಯಿತು.

ಮೇಷ್ಟ್ರಿಗೂ ನನಗೂ ಒಂದು ವಿಷಯದಲ್ಲಿ ಒಮ್ಮತ ಇಲ್ಲ. ಇನ್ನೂ ಐದು ವರ್ಷ ಬಿಡಬೇಕಿತ್ತು ಅಂತ ಅವರು. ಸರಿಯಾದ ಹೊತ್ತಿಗೇ ತೆಗೆದಿರಿ ಅಂತ ನಾನು. ಹಣ್ಣಿನ ಕೊನೆಯ ಎಳೆ ಉಳಿದಿರುವಾಗಲೇ ಕುಡಿಯುವುದು ನನಗಿಷ್ಟ. ಪೂರ್ತಿ ಚರ್ಮ, ಎಲೆ, ಮಣ್ಣು ಆದ ಮೇಲೆ ಗೌರವ ಬರುತ್ತದೆ, ಆಸೆ ಬರುವುದಿಲ್ಲ.

ಊಟ? ಈ ಊರಿನವರು ಇಂಥ ವೈನಿಗೆ ಕುರಿಮರಿಯ ಮಾಂಸ ಬಿಟ್ಟು ಬೇರೆ ಯೋಚಿಸುವುದಿಲ್ಲ. ಸ್ಯಾಂ ಜೂಲಿಯಾಂ ಪಕ್ಕದ ಪೊಯಾಕ್ ಊರಿನ ಕುರಿಮರಿಗೇ ಒಂದು ಹೆಸರಿದೆ. ನಮಗೋಸ್ಕರ ಮೇಷ್ಟ್ರ ಹೆಂಡತಿ ಸೆಪ್ ಅನ್ನುವ ದಪ್ಪ ಕಾಡಣಬೆಯನ್ನು ಬೋರ್ಡೋ ರೀತಿಯಲ್ಲಿ ಬೆಳ್ಳುಳ್ಳಿ, ಪಾರ್ಸ್ಲಿ ಹಾಕಿ ಹುರಿದಿದ್ದರು. ಹಳೇ ವೈನಿನ ಅಣಬೆ ವಾಸನೆಗೆ ಅದು ಸರಿಹೋಯಿತು. ಆಮೇಲೆ ಚೀಸ್. ಎಲ್ಲರೂ ಕಾಮೆಂಬೇರ್ ತಂದಿಡುತ್ತಾರೆ, ಕೆಂಪು ವೈನಿಗೆ ಅದು ಬೇಡ, ಬಾಯೆಲ್ಲ ಕಹಿ. ಚೆನ್ನಾಗಿ ಮಾಗಿದ ಕೊಂತೆ ಅಥವಾ ಸ್ಯಾಂ ನೆಕ್ತೇರ್ ಒಳ್ಳೆಯದು. ನಮ್ಮ ಅಡುಗೆಯ ಜೊತೆ ಯಾವುದು ಹೊಂದುತ್ತದೆ ಅಂತ ಕೇಳುವವರಿಗೆ ನನ್ನ ಉತ್ತರ: ಯಾವುದೂ ಇಲ್ಲ. ಖಾರಕ್ಕೂ ಟ್ಯಾನಿನ್ನಿಗೂ ಆಗಿಬರುವುದಿಲ್ಲ, ಬಾಯಿ ಉರಿ ಎರಡರಷ್ಟಾಗುತ್ತದೆ. ಸಾರಿನ ಜೊತೆ ಮಜ್ಜಿಗೆಯೇ ಸರಿ.

ಇಡುವ ಜಾಗದ ಬಗ್ಗೆ ಒಂದು ಮಾತು, ಯಾಕೆಂದರೆ ಊರಿಗೆ ಹೋಗುವಾಗ ಡ್ಯೂಟಿ ಫ್ರೀನಲ್ಲಿ ದೊಡ್ಡ ಬಾಟಲಿ ಕೊಂಡು ಮಗಳ ಮದುವೆಗೆ ಅಂತ ಅಟ್ಟದ ಮೇಲೆ ಇಡುವವರಿದ್ದಾರೆ. ಬೇಡ. 12, 13 ಡಿಗ್ರಿ ಬೇಕು, ಏರುಪೇರು ಇರಬಾರದು, ಬೆಳಕು ಬೀಳಬಾರದು, ಕಾರ್ಕ್ ಒಣಗದ ಹಾಗೆ ಮಲಗಿಸಿಡಬೇಕು. ಬೆಂಗಳೂರಿನ ಏಪ್ರಿಲ್ಲಿನಲ್ಲಿ ಅಡುಗೆಮನೆಯ ಅಟ್ಟ ಅಂದರೆ ವೈನನ್ನು ಸಣ್ಣ ಉರಿಯಲ್ಲಿ ಇಟ್ಟ ಹಾಗೆ. ವೈನಿಗೆಂದೇ ಮಾಡಿದ ಫ್ರಿಜ್ ಇದ್ದರೆ ಮಾತ್ರ ಆಸೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ದೊಡ್ಡಬಳ್ಳಾಪುರದ ಗ್ರೋವರ್ ಕಂಪನಿಯ ಲಾ ರಿಸರ್ವ್ ಕುಡಿಯಿರಿ. ಅದರಲ್ಲೂ ಕ್ಯಾಬರ್ನೆ ಇದೆ, ಬೋರ್ಡೋದ ವೈನ್ ತಜ್ಞ ಮಿಶೆಲ್ ರೋಲಾಂ ವರ್ಷಗಟ್ಟಲೆ ಸಲಹೆ ಕೊಟ್ಟ ತೋಟ ಅದು. ಇವತ್ತೇ ಕುಡಿಯಬಹುದು, ಅಷ್ಟು ದೂರದಿಂದ ಹೊತ್ತು ತರುವ ರಗಳೆ ಇಲ್ಲ.

ಇಲ್ಲಿರುವವರಿಗೆ ಹೇಳುವುದಾದರೆ, ಒಂದು ಮಾಗಿದ ಮೆಡಾಕ್ ಹೇಗಿರುತ್ತದೆ ಅಂತ ತಿಳಿಯಲು ನೂರು ಯೂರೋ ಬೇಕಿಲ್ಲ. 1855ರ ಪಟ್ಟಿಯ ಹೊರಗಿರುವ ಪೊತಾನ್ಸಾಕ್, ಪುಜೋ, ಶಾಸ್ ಸ್ಪ್ಲೀನ್ ಇವುಗಳನ್ನು ಹತ್ತು ಹದಿನೈದು ವರ್ಷ ಇಟ್ಟರೆ ಪೆನ್ಸಿಲ್ಲೂ ಬರುತ್ತದೆ, ಹೊಗೆಸೊಪ್ಪೂ ಬರುತ್ತದೆ. ಪೊತಾನ್ಸಾಕ್ ಅಂತೂ ಲಾಸ್ ಕಾಸ್ ಮಾಲೀಕರದ್ದೇ. ಬಾರ್ಟನ್ ಮನೆತನದ್ದೇ ಬೇಕು ಅಂದರೆ ಲಾಂಗೋವಾ ಇದೆ. ಮೂರನೇ ದರ್ಜೆ, ಲೆಯೋವಿಲ್‌ಗಿಂತ ಕಡಿಮೆ ಬೆಲೆ, ಅದೇ ಕಟ್ಟಡದಲ್ಲಿ ಅದೇ ಕೈಗಳು ಮಾಡಿದ್ದು.

ನಾನು ಮಾತ್ರ ಸೆಪ್ಟೆಂಬರಿನ ವೈನ್ ಮೇಳದಲ್ಲಿ 2016ರ ಲೆಯೋವಿಲ್ ಬಾರ್ಟನ್ ಮರದ ಪೆಟ್ಟಿಗೆಯೊಂದನ್ನು ಹೊತ್ತು ತಂದೆ, ಆರು ಬಾಟಲಿಯದು. ಒಂದೊಂದು ನೂರು ಯೂರೋ ಆಸುಪಾಸು. ಮೊದಲನೆಯದನ್ನು 2031ಕ್ಕಿಂತ ಮುಂಚೆ ತೆಗೆಯುವುದಿಲ್ಲ ಅಂತ ಹೆಂಡತಿಗೆ ಹೇಳಿದಾಗ, ಇದೇ ದುಡ್ಡಲ್ಲಿ ಇಬ್ಬರಲ್ಲಿ ಒಬ್ಬರಾದರೂ ಊರಿಗೆ ಹೋಗಿಬರಬಹುದಿತ್ತಲ್ಲ ಅಂದಳು. ಲೆಕ್ಕ ಸರಿಯಾಗಿಯೇ ಇದೆ. ಅಷ್ಟೊತ್ತಿಗೆ ಮೇಷ್ಟ್ರು ಪೆಟ್ಟಿಗೆಯನ್ನು ತಮ್ಮ ಕೋಣೆಗೆ ಇಳಿಸಿಕೊಂಡು, ಮೇಲೆ ನನ್ನ ಹೆಸರು ಬರೆದು ಅಂಟಿಸಿಯೂ ಆಗಿತ್ತು.